ಸಾಲದ ದಿನ ಕೇಳದ ಪ್ರಶ್ನೆ ಕ್ಲೇಮಿನ ದಿನ ಏಕೆ?

ಮಾನ್ಯ ಸಂಪಾದಕರೇ,

ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಆರು ತಿಂಗಳ ಪ್ರೊಬೇಷನ್ (ಖಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ) ಮೇಲೆ ಸೇರಿದ್ದ ನನ್ನ ಮಗನನ್ನು, ಆರ್ಡರ್ ಕಡಿಮೆಯಾಗಿದೆ ಎಂಬ ಕಾರಣ ನೀಡಿ ಐದನೆಯ ತಿಂಗಳಲ್ಲೇ ಕೆಲಸದಿಂದ ಬಿಡಿಸಿದರು. ಸೇರಿದ ಎರಡನೆಯ ತಿಂಗಳಲ್ಲಿ ಅವನು ಮನೆ ಸಾಲ ಪಡೆದಾಗ, ಕೆಲಸ ಹೋದರೆ ಮೂರು ಕಂತುಗಳನ್ನು ವಿಮಾ ಕಂಪನಿಯೇ ಕಟ್ಟುತ್ತದೆ ಎಂದು ಹೇಳಿ ಸಾಲ ಕೊಟ್ಟವರೇ ಪಾಲಿಸಿಯೊಂದನ್ನೂ ಮಾಡಿಸಿದ್ದರು. ಅದರ ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸಿದ್ದರಿಂದ, ಈಗ ಆ ಹಣಕ್ಕೂ ನಾವು ಬಡ್ಡಿ ತೆರುತ್ತಿದ್ದೇವೆ.

ಕ್ಲೇಮ್ ಅರ್ಜಿಗೆ ಬಂದ ಉತ್ತರ ಒಂದೇ ಸಾಲಿನದು: ಪ್ರೊಬೇಷನ್ ಅವಧಿಯಲ್ಲಿ ಹೋದ ಕೆಲಸಕ್ಕೆ ಈ ಪಾಲಿಸಿ ಅನ್ವಯಿಸದು. ಇಂಗ್ಲಿಷಿನಲ್ಲಿದ್ದ ಪಾಲಿಸಿ ಪುಸ್ತಿಕೆಯನ್ನು ಪಕ್ಕದ ಮನೆಯ ಮೇಷ್ಟ್ರಿಂದ ಓದಿಸಿದಾಗ ಆ ಷರತ್ತು ಸಿಕ್ಕಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಲಕ್ಕೆಂದು ಕೊಟ್ಟಿದ್ದ ನೇಮಕಾತಿ ಪತ್ರದ ಪ್ರತಿಯನ್ನು ತೆಗೆದು ನೋಡಿದರೆ, ಮೂಲದೊಂದಿಗೆ ಪರಿಶೀಲಿಸಲಾಗಿದೆ ಎಂಬ ನೇರಳೆ ಮೊಹರು ಆರು ತಿಂಗಳ ಪ್ರೊಬೇಷನ್ ಎಂದು ಬರೆದ ಸಾಲಿನ ಮೇಲೆಯೇ ಬಿದ್ದಿದೆ. ಮೊಹರು ಒತ್ತಿದ ಕೈಗೆ ಕಾಣದ ಅಕ್ಷರಗಳು ಕ್ಲೇಮ್ ತಿರಸ್ಕರಿಸುವಾಗ ಮಾತ್ರ ಕಂಡವು.

ಇಂಥ ಪಾಲಿಸಿಗಳು ಸಾಮಾನ್ಯವಾಗಿ ರಾಜೀನಾಮೆ, ದುರ್ನಡತೆ, ಕೆಲಸದಲ್ಲಿನ ಅಸಮರ್ಥತೆ ಇವನ್ನೂ ಹೊರಗಿಡುತ್ತವೆ. ಅದು ಒಪ್ಪತಕ್ಕದ್ದೇ. ಆದರೆ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಬೆಳಗಿನ ಬಸ್ ಹತ್ತುವ ಹುಡುಗರಲ್ಲಿ ಎಷ್ಟೋ ಮಂದಿ ಟ್ರೈನಿಗಳು, ಗುತ್ತಿಗೆಯವರು, ಪ್ರೊಬೇಷನ್‌ನಲ್ಲಿರುವವರು. ಮೊದಲು ಕೆಲಸ ಹೋಗುವುದು ಇವರದೇ ಆಗಿರುವಾಗ, ಖಾಯಂ ಆದವರಿಗಷ್ಟೇ ದಕ್ಕುವ ವಿಮೆಯನ್ನು ಇವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ನೆರವು ನೀಡುವ ಇಎಸ್‌ಐನ (ನೌಕರರ ರಾಜ್ಯ ವಿಮೆ) ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಲೆಕ್ಕ ಬೇರೆ. 2018ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ನೋಡುವುದು ಮುಖ್ಯವಾಗಿ ಎರಡು ವರ್ಷಗಳ ವಿಮಾ ವ್ಯಾಪ್ತಿಯ ದುಡಿಮೆ ಮತ್ತು ಕಟ್ಟಿದ ವಂತಿಗೆಯ ದಿನಗಳನ್ನು. ಅರ್ಹರಿಗೆ ಸರಾಸರಿ ದಿನಗೂಲಿಯ ಶೇ 50ರಷ್ಟನ್ನು ಗರಿಷ್ಠ 90 ದಿನಗಳವರೆಗೆ ಕೊಡುವ ನಿಯಮವಿದೆ. ಆದರೆ ನರಸಾಪುರದ ಕೆಲಸದಲ್ಲಿ ಸಂಬಳ 21,000 ರೂಪಾಯಿಯ ಮಿತಿ ದಾಟಿದ್ದರಿಂದ ಮಗ ಇಎಸ್‌ಐ ವ್ಯಾಪ್ತಿಗೇ ಬರಲಿಲ್ಲ. ಸಂಬಳ ಏರಿತೆಂದು ಅಂದು ಮನೆಯಲ್ಲಿ ಪಾಯಸ ಮಾಡಿದ್ದೆವು!

ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೊಹರಿನ ಪ್ರತಿಯೊಂದಿಗೆ ಲಿಖಿತ ದೂರು ಕೊಟ್ಟಿದ್ದೇವೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇದೇ ಸ್ಥಿತಿಯಲ್ಲಿರುವ ಓದುಗರು ಕ್ಲೇಮ್ ತಿರಸ್ಕಾರದ ಪತ್ರವನ್ನು ಹರಿದೆಸೆಯದೆ ಇಟ್ಟುಕೊಳ್ಳಲಿ.

ಪಾಲಿಸಿಯ ಸಾರಾಂಶ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು, ಗ್ರಾಹಕರು ಬಯಸಿದರೆ, ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವೇ ಹೇಳಿದೆ. ಬಯಸಬಹುದೆಂಬುದೇ ಗೊತ್ತಿಲ್ಲದವರು ಕೇಳುವುದು ಹೇಗೆ? ಪ್ರಾಧಿಕಾರವು ಇದನ್ನು ಕೇಳದೆಯೇ ಕೊಡಿಸಬೇಕು. ನೀವು ಪ್ರೊಬೇಷನ್‌ನಲ್ಲಿದ್ದೀರಾ ಎಂಬ ಪ್ರಶ್ನೆಯನ್ನು ಅರ್ಜಿಯ ಮೊದಲ ಪುಟದಲ್ಲಿ ಕನ್ನಡದಲ್ಲಿ ಮುದ್ರಿಸುವಂತೆ ಮಾಡಬೇಕು. ಪ್ರೊಬೇಷನ್ ದಾಖಲೆ ಕೈಯಲ್ಲಿದ್ದೂ ಪಾಲಿಸಿ ಮಾರಿದ್ದರೆ ಪ್ರೀಮಿಯಂ ಅನ್ನು ಬಡ್ಡಿಸಹಿತ ಹಿಂದಿರುಗಿಸುವಂತೆ ಆದೇಶಿಸಬೇಕು.

– ನೊಂದ ಓದುಗ, ವೇಮಗಲ್, ಕೋಲಾರ ತಾಲ್ಲೂಕು