ಹಿತ್ತಲಲ್ಲಿ ಬಿದ್ದ ಮತ್ತಿ ಮರ ಕಳ್ಳಮಾಲೇ?

ಮಾನ್ಯರೇ,

ನಿನ್ನೆಯ ಪತ್ರಿಕೆಯಲ್ಲಿ ‘ಅಕ್ರಮ ನಾಟಾ ವಶ’ ಎಂದು ಫೋಟೊ ಸಮೇತ ಬಂದಿದೆಯಲ್ಲ, ಆ ಪಿಕಪ್‌ನಲ್ಲಿದ್ದ ತೊಲೆಗಳು ನನ್ನವು. ಜೂನ್ ಗಾಳಿಗೆ ನಮ್ಮ ಹಿತ್ತಲಲ್ಲಿ ಬುಡಮೇಲಾದ ಮತ್ತಿ ಮರದ್ದು. ನಾನು ಕಡಿದದ್ದಲ್ಲ. ದಿಮ್ಮಿ ಸಾಮಿಲ್‌ಗೆ ಹೋಗುವಾಗ ಅರಣ್ಯ ಇಲಾಖೆಯ ಸಾಗಣೆ ಪಾಸು ಇತ್ತು. ಸೀಳಿಸಿ ವಾಪಸ್ ತರುವಾಗ ಚೆಕ್‌ಪೋಸ್ಟಿನಲ್ಲಿ ‘ಅಳತೆ ತಾಳೆ ಆಗ್ತಿಲ್ಲ’ ಅಂದರು. ದುಂಡು ದಿಮ್ಮಿಯನ್ನು ಚೌಕ ಮಾಡಿದರೆ ಅಳತೆ ಕಮ್ಮಿಯಾಗದೆ ಇನ್ನೇನಾಗುತ್ತದೆ? ಮರದ ಹೊಟ್ಟನ್ನೂ ಚೀಲ ತುಂಬಿ ತರಬೇಕಿತ್ತೇ?

ಆ ಒಂದು ಪಾಸಿಗೆ ಎರಡು ತಿಂಗಳು ಅಲೆದಿದ್ದೇನೆ. ಪಹಣಿ ತನ್ನಿ, ನಕ್ಷೆ ತನ್ನಿ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಸೋಮವಾರ ಬನ್ನಿ. ಈ ಓಡಾಟದಲ್ಲಿ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಲು ಆಗಲಿಲ್ಲ, ಕೊಳೆ ರೋಗ ಬಂತು. ಮನೆಯ ಮಾಡು ಸೋರಿ ಅಮ್ಮನ ಹಾಸಿಗೆ ಅಡುಗೆಮನೆಗೆ ಬಂದಿದೆ. ಮುಂಗಡ ಪಡೆದ ಆಚಾರಿ ಕಾದು ಕಾದು ಬೇರೆ ಕೆಲಸ ಹಿಡಿದರು. ಈಗ ಊರಿನವರು ನನ್ನನ್ನು ಮರಗಳ್ಳನ ಹಾಗೆ ನೋಡುತ್ತಿದ್ದಾರೆ.

‘ಸಿಲ್ವರ್ ಓಕ್ ಹಾಕಿಕೊಳ್ಳಿ, ಕಡಿಯಲು ಅನುಮತಿಯೇ ಬೇಡ’ ಎಂದು ಕಚೇರಿಯಲ್ಲೇ ಒಬ್ಬರು ಬುದ್ಧಿ ಹೇಳಿದರು. ಪ್ಲೈವುಡ್‌ಗೆ, ಪೆಟ್ಟಿಗೆ ಮಾಡಲು ಅದು ಸರಿ. ಮಲೆನಾಡಿನ ಮಳೆಯಲ್ಲಿ ಹೆಂಚಿನ ಭಾರ ಹೊರಲು ಆಗುತ್ತದೆಯೇ? ಗೆದ್ದಲು ಬಿಡುತ್ತದೆಯೇ? ನೀಲಗಿರಿ ಒಣಗುವಾಗ ತುದಿಯಿಂದ ಸೀಳುತ್ತದೆ. ಹಸಿ ಅಕೇಶಿಯಾ ಕೂರಿಸಿದರೆ ತಿರುಚಿಕೊಳ್ಳುತ್ತದೆ, ಅಂಥ ದಾರಂದ (ಬಾಗಿಲ ಚೌಕಟ್ಟು) ಎಷ್ಟೋ ನೋಡಿದ್ದೇನೆ. ನಮ್ಮ ಅಜ್ಜ ಕಟ್ಟಿಸಿದ ಮನೆಯಲ್ಲಿ ತೊಲೆ ಮತ್ತಿ, ಹೆಂಚು ಹೊರುವ ಪಕಾಸಿ ನಂದಿ, ದಾರಂದ ಹೊನ್ನೆ, ಬಾಗಿಲು ಹಲಸು. ಆ ಬಾಗಿಲು ಇವತ್ತಿಗೂ ಒಂದು ಕೂದಲೆಳೆ ಬಾಗಿಲ್ಲ. ಸೋರಿದ ನೀರು ವರ್ಷಗಟ್ಟಲೆ ಇಳಿದು ಒಂದು ತೊಲೆ ಮಾತ್ರ ಕೊಳೆತಿದೆ. ಅದರ ಜಾಗಕ್ಕೆ ಮತ್ತಿಯನ್ನೇ ಹಾಕಬೇಕು ಅಂದದ್ದು ನನ್ನ ತಪ್ಪೇ?

ನಮಗೆ ಇಷ್ಟು ಕಾನೂನು ಹೇಳುವ ಸರ್ಕಾರ ತಾನು ಮಾಡಿದ್ದೇನು? ನಾಡಮರದ ಗುಡ್ಡ ಬೋಳಿಸಿ ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಅಕೇಶಿಯಾ, ನೀಲಗಿರಿ ನೆಡಿಸಿತು. ಆ ಕಾರ್ಖಾನೆ ನಿಂತು ವರ್ಷಗಳಾದ ಮೇಲೂ 2020ರಲ್ಲಿ ಆ ನೆಡುತೋಪುಗಳ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿತು. ಅದಕ್ಕೆ ಯಾವ ಚೆಕ್‌ಪೋಸ್ಟೂ ಅಡ್ಡ ಬರಲಿಲ್ಲ. ನಮ್ಮೂರಿನ ಕಿರುಸೇತುವೆ ಕೊಚ್ಚಿಹೋದಾಗ ಒಬ್ಬ ಅಧಿಕಾರಿಯೂ ಇತ್ತ ತಲೆ ಹಾಕಿರಲಿಲ್ಲ. ನನ್ನ ನಾಲ್ಕು ತೊಲೆ ಹಿಡಿಯಲು ಮಾತ್ರ ರಾತ್ರಿ ಹತ್ತಕ್ಕೂ ಆರು ಜನ ಇದ್ದರು.

ಬೇಲಿಯಲ್ಲಿ ತಾನಾಗಿ ಹುಟ್ಟಿದ ಹೊನ್ನೆ, ಮತ್ತಿ ಸಸಿಗಳನ್ನು ಜನ ಈಗಲೇ ಸವರಿ ಹಾಕುತ್ತಿದ್ದಾರೆ. ದೊಡ್ಡದಾದರೆ ಕಷ್ಟ ಅಲ್ವಾ?

ನನ್ನ ತೊಲೆ ಕೊಡಿಸಿ. ಮಾಲ್ಕಿ ಮರದ, ಅಂದರೆ ಸ್ವಂತ ಜಾಗದ ಮರದ, ನಿಯಮ ಬದಲಿಸಿ, ಇಲ್ಲವೇ ಇರುವ ನಿಯಮವನ್ನಾದರೂ ಸಿಬ್ಬಂದಿಗೆ ಸರಿಯಾಗಿ ಓದಿಸಿ. ನೀವೂ ಅಷ್ಟೇ, ಫೋಟೊ ಹಾಕುವ ಮೊದಲು ಮರ ಯಾರದ್ದೆಂದು ಒಂದು ಮಾತು ಕೇಳಬೇಕಿತ್ತು. ಸಂಬಂಧಪಟ್ಟವರು ಇನ್ನಾದರೂ ಕುರ್ಚಿಯಿಂದ ಏಳಲಿ.

– ನೊಂದ ಓದುಗ, ಶಿವಮೊಗ್ಗ ಜಿಲ್ಲೆ