ಅಜ್ಜಿಗೂ ಅರ್ಥವಾಗುವ ಚಿಕಿತ್ಸೆ ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು. ಅತಿತೂಕದ ಮಕ್ಕಳ ಮನೆಯವರಿಗೆ ಮನೆಯಲ್ಲೇ, ಫೋನಿನ ಮೂಲಕ, ಕನ್ನಡದಲ್ಲೇ ಮಾರ್ಗದರ್ಶನ ಸಿಗಲಿ ಎಂದು ಕೇಳಲು ಈ ಪತ್ರ.

ನನ್ನ ಮಗನ ಕತ್ತಿನ ಹಿಂಭಾಗ ಕಪ್ಪಾಗಿರುವುದನ್ನು ಮೊದಲು ಕಂಡವರು ನಮ್ಮ ಅತ್ತೆ. 2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆಯ ದಿನಗಳು. ವರ್ಷದಿಂದ ಮನೆಯೊಳಗೇ ಇರುವ ಹುಡುಗನಿಗೆ ಇಷ್ಟು ಕೊಳೆ ಎಲ್ಲಿಂದ ಬಂತು ಎಂದು ಯೋಚಿಸುವ ವ್ಯವಧಾನ ನಮಗೆ ಯಾರಿಗೂ ಇರಲಿಲ್ಲ. ಭಾನುವಾರದ ಎಣ್ಣೆಸ್ನಾನದಲ್ಲಿ ಅತ್ತೆ ಕಡಲೆಹಿಟ್ಟು ಹಚ್ಚಿ ಉಜ್ಜಿದರು. ಮುಂದಿನ ವಾರ ಸೀಗೆಪುಡಿ ಹಾಕಿ ಉಜ್ಜಿದರು. ಚರ್ಮ ಕೆಂಪಾಗಿ ಹುಡುಗ ಅತ್ತನೇ ಹೊರತು ಆ ಕಪ್ಪು ಹೋಗಲಿಲ್ಲ. ಕೊನೆಗೆ ಫೋನಿನಲ್ಲಿ ನೋಡಿದ ಮಕ್ಕಳ ವೈದ್ಯರು, ‘ಉಜ್ಜಬೇಡಿ, ಅದು ಕೊಳೆಯಲ್ಲ. ತೂಕ ಹೆಚ್ಚಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಮಕ್ಕಳಲ್ಲಿ ಹೀಗಾಗುತ್ತದೆ’ ಎಂದರು. ಮರುದಿನ ಬೆಳಿಗ್ಗೆ ಕೆಳಗಿನ ದಿನಸಿ ಅಂಗಡಿಯಲ್ಲಿ ಅಕ್ಕಿಮೂಟೆ ತೂಗುವ ಯಂತ್ರದ ಮೇಲೆ ಅವನನ್ನು ನಿಲ್ಲಿಸಿದೆ. ಹತ್ತು ವರ್ಷದ ಹುಡುಗ, 52 ಕಿಲೋ.

ನಾವಿರುವುದು ಬೆಂಗಳೂರಿನ ಶ್ರೀನಗರದಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಶಾಲೆ ಮುಚ್ಚಿತ್ತು, ಪಾರ್ಕಿಗೆ ಬೀಗ, ತಾರಸಿಗೆ ಮಕ್ಕಳು ಹತ್ತಬಾರದು ಎಂಬುದು ಮನೆ ಮಾಲೀಕರ ಕಟ್ಟಪ್ಪಣೆ. ಪಾಠವೂ ಮೊಬೈಲಿನಲ್ಲಿ, ಆಟವೂ ಮೊಬೈಲಿನಲ್ಲಿ. ಬೇಸರಕ್ಕೆ ಕೈಗೆ ಸಿಗುತ್ತಿದ್ದದ್ದು ಬೇಕರಿಯ ಬೆಣ್ಣೆ ಬಿಸ್ಕತ್ತು, ಖಾರಾ ಬನ್ನು, ಚಿಪ್ಸ್. ಅವನು ದುಂಡಗಾಗುತ್ತಿದ್ದರೆ ಅತ್ತೆ, ‘ಈಗ ಮೈಕೈ ತುಂಬಿಕೊಳ್ಳುತ್ತಿದ್ದಾನೆ, ಯಾರ ಕಣ್ಣೂ ಬೀಳದಿರಲಿ’ ಎಂದು ಸಂಜೆ ಹೊತ್ತು ದೃಷ್ಟಿ ತೆಗೆಯುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ಕೋವಿಡ್‌ನಲ್ಲಿ ಬೀದಿಗೊಂದು ಸಾವು ಕಂಡ ಕಾಲ ಅದು. ಎದುರಿಗೆ ಕೂತು ಹೊಟ್ಟೆ ತುಂಬ ಉಣ್ಣುವ ಮೊಮ್ಮಗ ಅವರ ಪಾಲಿಗೆ ಒಂದು ಧೈರ್ಯವಾಗಿದ್ದ.

ಇದು ನಮ್ಮ ಮನೆಯೊಂದರ ಕಥೆಯಾಗಿರಲಿಲ್ಲ. ಅಮೆರಿಕದಲ್ಲಿ 4,32,302 ಮಕ್ಕಳು ಮತ್ತು ಹದಿಹರೆಯದವರ ದಾಖಲೆಗಳನ್ನು ಹೋಲಿಸಿದಾಗ, ಅವರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ) ಏರುವ ವೇಗ ಕೋವಿಡ್ ಕಾಲದಲ್ಲಿ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. ನಮ್ಮ ದೇಶದಲ್ಲೂ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರ ಪ್ರಮಾಣ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2015–16) ಶೇ 2.1 ಇದ್ದದ್ದು ಐದನೆಯದರಲ್ಲಿ (2019–21) ಶೇ 3.4ಕ್ಕೆ ಏರಿತು. ಶಾಲೆಗೆ ಹೋಗುವ ವಯಸ್ಸಿನವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ವೈದ್ಯರು ನಮಗೆ ಒಂದು ಖಾಸಗಿ ಆಸ್ಪತ್ರೆಯ ಆನ್‌ಲೈನ್ ಕಾರ್ಯಕ್ರಮವನ್ನು ಸೂಚಿಸಿದರು. ವಾರಕ್ಕೊಂದು ಸಲ ವಿಡಿಯೊ ಕರೆ, ಆರು ತಿಂಗಳು. ಶುಲ್ಕ ನನ್ನ ಒಂದು ತಿಂಗಳ ಸಂಬಳದ ಮುಕ್ಕಾಲು ಪಾಲು. ಮಗುವನ್ನಷ್ಟೇ ಕೂರಿಸುವ ಹಾಗಿಲ್ಲ, ಮನೆಯವರೆಲ್ಲ ಕೂರಬೇಕು ಎಂಬುದು ಅವರ ಮೊದಲ ಷರತ್ತು. ಇದರ ಹಿಂದೆ ದಶಕಗಳ ಅನುಭವವಿದೆ ಎಂದು ನನಗೆ ಆಮೇಲೆ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಲೆನರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು 1990ರಲ್ಲಿ ತಮ್ಮ ಹತ್ತು ವರ್ಷಗಳ ಫಲಿತಾಂಶ ಪ್ರಕಟಿಸಿದರು. ತಂದೆ ಅಥವಾ ತಾಯಿಯೂ ಮಗುವಿನ ಜೊತೆಗೇ ಅಭ್ಯಾಸ ಬದಲಿಸಿಕೊಂಡ ಮನೆಗಳಲ್ಲಿ ಹತ್ತು ವರ್ಷವಾದರೂ ಮಕ್ಕಳ ಅತಿತೂಕ ಮೊದಲಿಗಿಂತ ಕಡಿಮೆಯೇ ಇತ್ತು. ಅಂಥ ಒತ್ತಾಸೆ ಇಲ್ಲದ ಮನೆಗಳಲ್ಲಿ ಅದು ಹೆಚ್ಚಿತ್ತು. ಆಹಾರವನ್ನು ಹಸಿರು, ಹಳದಿ, ಕೆಂಪು ಎಂದು ಸಿಗ್ನಲ್ ದೀಪದ ಹಾಗೆ ವಿಂಗಡಿಸುವ ಪದ್ಧತಿಯೂ ಅವರದೇ. ಮಗನಿಗೆ ಅದು ಬಹಳ ಹಿಡಿಸಿತು. ನೋಟ್‌ಪುಸ್ತಕದಲ್ಲಿ ಮೂರು ಬಣ್ಣದ ಪೆನ್ಸಿಲ್ಲಿನಿಂದ ದಿನವೂ ಗುರುತು ಹಾಕುತ್ತಿದ್ದ.

ಎರಡನೇ ವಾರ ಆಹಾರತಜ್ಞೆ, ‘ಫೋನನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ, ಎಣ್ಣೆ ಡಬ್ಬಿ ತೋರಿಸಿ’ ಎಂದರು. ಐದು ಲೀಟರಿನ ಡಬ್ಬಿ, ನಾಲ್ಕು ಜನ, ತಿಂಗಳಿಗೊಂದು. ಅವರು ಅಲ್ಲೇ ಲೆಕ್ಕ ಹಾಕಿದರು: ತಲೆಗೆ ದಿನಕ್ಕೆ 40 ಮಿಲಿಲೀಟರಿಗೂ ಹೆಚ್ಚು. ಆಸ್ಪತ್ರೆಯ ಕೋಣೆಯಲ್ಲಿ ಕೂತಿದ್ದರೆ ನಾನು ‘ಎಣ್ಣೆ ಕಡಿಮೆಯೇ ಬಳಸುತ್ತೇವೆ’ ಎಂದಿರುತ್ತಿದ್ದೆ, ಮತ್ತು ಅದನ್ನು ನಂಬಿಕೊಂಡೇ ಹೇಳಿರುತ್ತಿದ್ದೆ. ಆನ್‌ಲೈನ್ ಎಂಬುದನ್ನು ನಾವೆಲ್ಲ ಗತಿಯಿಲ್ಲದ ಕಾಲದ ಏರ್ಪಾಡು ಎಂದುಕೊಂಡಿದ್ದೆವು. ಆದರೆ ವೈದ್ಯರ ಕಣ್ಣು ನಮ್ಮ ಒಲೆಯ ತನಕ ಬಂದದ್ದು ಅದರಿಂದಲೇ.

ಹಾಗಿದ್ದೂ ಮೊದಲ ಆರು ವಾರ ಏನೂ ಬದಲಾಗಲಿಲ್ಲ, ಏಕೆಂದರೆ ಇಡೀ ಕಾರ್ಯಕ್ರಮ ಇಂಗ್ಲಿಷಿನಲ್ಲಿತ್ತು. ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮಗನಿಗೆ ಬಡಿಸುವವರು ಅತ್ತೆ. ವಿಡಿಯೊ ಕರೆಯಲ್ಲಿ ಅವರು ಕೈಕಟ್ಟಿ ಕೂತು ನಮ್ಮ ಮುಖ ನೋಡುತ್ತಿದ್ದರು, ಅಷ್ಟೆ. ಕಳಿಸಿದ ಚಿತ್ರಪಟದ ಹಸಿರು ಪಟ್ಟಿಯಲ್ಲಿ ಬ್ರೊಕೊಲಿ ಇತ್ತು, ದಂಟಿನ ಸೊಪ್ಪು ಇರಲಿಲ್ಲ. ನಾನು ಕನ್ನಡದಲ್ಲಿ ವಿವರಿಸಿದರೆ ಅದು ವೈದ್ಯರ ಮಾತಾಗಿ ಕೇಳಿಸದೆ ಸೊಸೆ ಮಾಡಿದ ಕಟ್ಟುಪಾಡಾಗಿ ಕೇಳಿಸುತ್ತಿತ್ತು. ‘ಮಗುವಿನ ಅನ್ನಕ್ಕೆ ತುಪ್ಪ ಹಾಕಬೇಡ ಅನ್ನುವ ತಾಯಿಯನ್ನು ನಾನು ಕಂಡೇ ಇಲ್ಲ’ ಎಂದು ಒಂದು ದಿನ ಅವರು ಊಟ ಬಿಟ್ಟು ಎದ್ದರು.

ಏಳನೇ ವಾರ ಕನ್ನಡ ಬಲ್ಲ ಹೊಸ ಸಹಾಯಕಿಯೊಬ್ಬರು ಬಂದರು. ಅವರು ಪಟ್ಟಿಯನ್ನು ಪಕ್ಕಕ್ಕಿಟ್ಟು, ‘ಅಮ್ಮಾ, ನೀವು ಚಿಕ್ಕವರಿದ್ದಾಗ ನಿಮ್ಮೂರಲ್ಲಿ ಏನು ಊಟ ಮಾಡುತ್ತಿದ್ದಿರಿ?’ ಎಂದು ಕೇಳಿದರು. ಅತ್ತೆ ಮಾಗಡಿ ಕಡೆಯವರು. ಮುದ್ದೆ, ಹುರುಳಿ ಸಾರು, ಹೊಲದ ಬದುವಿನಲ್ಲಿ ಕಿತ್ತು ತಂದ ಬೆರಕೆ ಸೊಪ್ಪು, ಅವರೆಕಾಳು, ಮಜ್ಜಿಗೆ ಎಂದು ಶುರುಮಾಡಿದವರು ಇಪ್ಪತ್ತು ನಿಮಿಷ ಮಾತಾಡಿದರು. ಸಕ್ಕರೆ ಹಾಕಿದ್ದು ಹಬ್ಬಕ್ಕೆ, ಕರಿದದ್ದು ಹಬ್ಬಕ್ಕೆ, ತುಪ್ಪ ಬಾಣಂತಿಗೆ ಎಂದೂ ಅವರೇ ಹೇಳಿದರು. ‘ಹಾಗಾದರೆ ನಮ್ಮ ಪುಸ್ತಕಕ್ಕಿಂತ ನಿಮಗೇ ಚೆನ್ನಾಗಿ ಗೊತ್ತಿದೆ’ ಎಂದರು ಆ ಹುಡುಗಿ. ಅಂದಿನಿಂದ ನಮ್ಮ ಮನೆಯ ಚಿಕಿತ್ಸೆಯನ್ನು ನಡೆಸಿದವರು ಅತ್ತೆ. ನನ್ನ ಗಂಡ ಸಂಜೆ ಪೊಟ್ಟಣದಲ್ಲಿ ಬೋಂಡ ತರುವುದು ಅವರ ಒಂದೇ ಮಾತಿಗೆ ನಿಂತಿತು. ವರ್ಷವಾದಾಗ ಮಗನ ತೂಕ 51 ಕಿಲೋ, ಎತ್ತರ ಆರು ಸೆಂಟಿಮೀಟರ್ ಹೆಚ್ಚು, ಕತ್ತಿನ ಕಪ್ಪು ತಿಳಿಯಾಗಿತ್ತು. ಬೆಳೆಯುವ ಮಗುವಿಗೆ ತೂಕ ಇಳಿಯಲೇಬೇಕೆಂದಿಲ್ಲ, ನಿಂತರೂ ಸಾಕು ಎಂದರು ವೈದ್ಯರು. ಈಗ ಅವನು ನನ್ನ ಎತ್ತರವನ್ನು ಮೀರಿದ್ದಾನೆ.

ಕೋವಿಡ್ ಮುಗಿದ ಮೇಲೆ ಆ ಆಸ್ಪತ್ರೆ ಆನ್‌ಲೈನ್ ಕಾರ್ಯಕ್ರಮವನ್ನು ನಿಲ್ಲಿಸಿತು. ಈಗ ಬೇಕಾದವರು ಹೋಗಿ ಟೋಕನ್ ತೆಗೆದುಕೊಂಡು ಕೂರಬೇಕು.

ಈ ಪತ್ರ ಬರೆಯಲು ಕಾರಣ ನಮ್ಮ ಕೆಳಗಿನ ಮನೆಯ ಹುಡುಗಿ. ಹನ್ನೊಂದು ವರ್ಷ, ಅವಳ ಕತ್ತೂ ಹಾಗೆಯೇ ಕಪ್ಪಾಗಿದೆ. ತಾಯಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ, ತಂದೆ ಆಟೋ ಓಡಿಸುತ್ತಾರೆ. ಶಾಲೆಯಲ್ಲಿ ಎಲ್ಲರೆದುರು ತೂಗಿ, ಅಂಕಿಯನ್ನು ಗಟ್ಟಿಯಾಗಿ ಓದಿದ ದಿನದಿಂದ ಅವಳು ಮಧ್ಯಾಹ್ನ ಊಟ ಮಾಡುವುದಿಲ್ಲ. ರಾತ್ರಿ ಹಸಿವು ತಡೆಯದೆ ಸಿಕ್ಕಿದ್ದನ್ನು ತಿನ್ನುತ್ತಾಳೆ. ದಯವಿಟ್ಟು, ಮಕ್ಕಳ ತೂಕವನ್ನು ಮರೆಯಲ್ಲಿ ನೋಡಬೇಕೆಂದು ಎಲ್ಲ ಶಾಲೆಗಳಿಗೆ ನಾಳೆಯೇ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಹಣ ಬೇಕಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ, ಇಂಥ ಕುಟುಂಬಕ್ಕೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 26 ಗಂಟೆಗಳ ಮಾರ್ಗದರ್ಶನ ಬೇಕು ಎನ್ನುತ್ತದೆ. ಅದು ಮುಖಾಮುಖಿಯಾಗಿಯೇ ಆದರೆ ಒಳ್ಳೆಯದು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಆದರೆ ಬೆಂಗಳೂರಿನಲ್ಲಿ 26 ಗಂಟೆ ಎಂದರೆ ಕೆಳಮನೆಯವರ ಪಾಲಿಗೆ 26 ಸಲ ಬಸ್ಸು, 26 ಸಲ ರಜೆ, 26 ಸಲ ಸಂಬಳ ಕಡಿತ. ಮೂರನೇ ಸಲಕ್ಕೇ ಬಿಡುತ್ತಾರೆ. ರಕ್ತ ಪರೀಕ್ಷೆಗೆ, ಎತ್ತರ ತೂಕ ಅಳೆಯಲು ಎದುರಿಗೇ ಹೋಗಬೇಕು, ಸರಿ. ಅದು ಎರಡು ಮೂರು ತಿಂಗಳಿಗೊಮ್ಮೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಆಗಲಿ, ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ನಮ್ಮ ಮಕ್ಕಳಿಗೆಂದೇ ರೂಪಿಸಿದ ಬೆಳವಣಿಗೆ ಪಟದಲ್ಲಿ ಗುರುತಾಗಲಿ. ಉಳಿದ ಮಾತುಕತೆ ಮನೆಯಲ್ಲೇ ನಡೆಯಲಿ.

ಇದಕ್ಕೆ ದಾರಿಯನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ಫೋನು, ವಿಡಿಯೊ ಮೂಲಕ ನಡೆಯುವ ದೂರವೈದ್ಯಕೀಯದ ಮಾರ್ಗಸೂಚಿ 2020ರ ಮಾರ್ಚ್ 25ರಂದೇ ಬಂದಿದೆ, ಸರ್ಕಾರದ ಆನ್‌ಲೈನ್ ವೈದ್ಯಸಲಹೆಯ ಇ-ಸಂಜೀವಿನಿ ಇದೆ. ಮನಸ್ಸಿನ ನೋವಿಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಕೇಳಿಸಿಕೊಳ್ಳುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಆ ಟೆಲಿ ಮಾನಸ್‌ಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಆಧಾರ. ಅದನ್ನು ಕಟ್ಟಿದ ಊರಿಗೆ ಇದೊಂದು ಹೊರೆಯಾಗಲಾರದು.

ಅದೇ ಐದನೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿರುವಾಗ ದಪ್ಪಗಿರುವವರ ಮಾತೇಕೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಕೆಳಮನೆಯ ಹುಡುಗಿಗೆ ಮೂರು ವರ್ಷದ ತಮ್ಮನಿದ್ದಾನೆ, ಅಂಗನವಾಡಿಯ ಪಟ್ಟಿಯಲ್ಲಿ ಅವನದು ಕಡಿಮೆ ತೂಕ. ಇಬ್ಬರಿಗೂ ಅನ್ನ ಬೇಯುವುದು ಒಂದೇ ಕುಕ್ಕರಿನಲ್ಲಿ, ಇಬ್ಬರ ಕೈಯಲ್ಲೂ ಅದೇ ಐದು ರೂಪಾಯಿಯ ಪೊಟ್ಟಣ. ಆ ತಾಯಿಗೆ ಕಾಳು, ಸೊಪ್ಪು, ಮೊಟ್ಟೆಯ ಬಗ್ಗೆ ಯಾರಾದರೂ ಕೂತು ಹೇಳಿದರೆ ಅದು ಎರಡೂ ಮಕ್ಕಳಿಗೆ ಸಲ್ಲುತ್ತದೆ. ತಮ್ಮ ಇಲಾಖೆಯ ಹೆಸರಿನಲ್ಲೇ ಕುಟುಂಬವಿದೆ, ಆದ್ದರಿಂದಲೇ ಇದನ್ನು ತಮ್ಮಲ್ಲಿ ಕೇಳುತ್ತಿದ್ದೇನೆ.

ಆ ಮನೆಯಲ್ಲಿ ಇಂಟರ್ನೆಟ್ ಇರುವುದು ಒಂದೇ ಫೋನಿನಲ್ಲಿ. ಅದು ತಂದೆಯ ಜೊತೆಗೆ ಆಟೋದಲ್ಲಿ ಹೋಗಿ ರಾತ್ರಿ ಎಂಟೂವರೆಗೆ ಮನೆಗೆ ಬರುತ್ತದೆ. ಒಂಬತ್ತಕ್ಕೆ ನಾಲ್ವರೂ ಅದರೆದುರು ಕೂರಬಲ್ಲರು. ಆ ಹೊತ್ತಿಗೆ ಆಚೆ ಕಡೆ ಕನ್ನಡದಲ್ಲಿ ಮಾತಾಡುವವರೊಬ್ಬರು ಬೇಕು.

ಇಂತಿ ತಮ್ಮ ವಿಶ್ವಾಸಿ,
ಶ್ರೀನಗರದ ಒಬ್ಬ ತಾಯಿ
ಬೆಂಗಳೂರು