ಬ್ರೆಸನ್‌ಗೆ ಎಷ್ಟು ವೋಟು ಬೀಳುತ್ತಿತ್ತು?

ಪ್ರೀತಿಯ ನಾಗೇಶ,

ನಿನ್ನ ಪತ್ರವೂ ಬಂತು, ಸ್ಕ್ರೀನ್‌ಶಾಟುಗಳೂ ಬಂದವು. ಎಷ್ಟು ಸಿಟ್ಟಾಗಿದ್ದೀಯ ಅಂತ ಅಕ್ಷರದಲ್ಲೇ ಗೊತ್ತಾಗುತ್ತೆ. ಆನ್‌ಲೈನ್ ಫೋಟೋ ಸ್ಪರ್ಧೆಯಲ್ಲಿ, ಕಮಲಕ್ಕ ಅಡಿಕೆ ಸುಲಿಯುವ ನಿನ್ನ ಫೋಟೋಗೆ ಬಿದ್ದ ವೋಟೆಲ್ಲ ನಿಮ್ಮ ಮನೆಯವರದ್ದೇ ಇರಬೇಕು ಅಂತ ನೀನೇ ಬರೆದಿದ್ದೀಯ. ಮೊದಲ ಬಹುಮಾನ ಕೊಕ್ಕಿನಲ್ಲಿ ಮೀನು ಹಿಡಿದ ಮಿಂಚುಳ್ಳಿಗೆ. ಅದನ್ನು ಬಿಡು, ಮಿಂಚುಳ್ಳಿಗೆ ಬಹುಮಾನ ಬರದ ಸ್ಪರ್ಧೆಯನ್ನು ನಾನಂತೂ ನೋಡಿಲ್ಲ. ನಿನಗೆ ಉರಿದದ್ದು ಕೆಳಗಿನ ಕಾಮೆಂಟುಗಳಿಗೆ. ‘ಕೈ ಬ್ಲರ್ ಆಗಿದೆ’, ‘ನಾಯ್ಸ್ (ಕಾಳುಕಾಳು ಚುಕ್ಕೆ) ಜಾಸ್ತಿ’, ‘ಹಿಂದಿನ ನೀಲಿ ಬಕೆಟ್ ತೆಗೆಯಬೇಕಿತ್ತು’. ದೊಡ್ಡವರ ಫೋಟೋಗಳನ್ನು ಹೆಸರು ಮುಚ್ಚಿಟ್ಟು ಇಂಥ ಸ್ಪರ್ಧೆಗೆ ಹಾಕಿದ್ರೆ ಇದೇ ಜನ ಏನು ಹೇಳ್ತಿದ್ರು ಅಂತ ಕೇಳಿದ್ದೀಯಲ್ಲ, ಅದಕ್ಕೇ ಈ ಉದ್ದನೆಯ ಉತ್ತರ.

ಊಹಿಸುವ ಕಷ್ಟವೇ ಬೇಡ ಕಣೋ. ಒಬ್ಬ ಮಾಡಿಯೇ ನೋಡಿದ್ದಾನೆ. 2006ರಲ್ಲಿ ಫೋಟೋ ಹಂಚಿಕೊಳ್ಳುವ ವೆಬ್‌ಸೈಟು ಫ್ಲಿಕರ್‌ನಲ್ಲಿ ಒಂದು ಗುಂಪು ಇತ್ತು. ಅಲ್ಲಿ ಫೋಟೋ ಹಾಕಿದರೆ ಸದಸ್ಯರು ‘ಇರಲಿ’ ಅಥವಾ ‘ತೆಗೆದುಹಾಕಿ’ ಅಂತ ವೋಟು ಕೊಡುತ್ತಿದ್ದರು. ಅಲ್ಲಿಗೆ ಒಬ್ಬ ಸದಸ್ಯ, ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್ ಬ್ರೆಸನ್‌ನ ಒಂದು ಕಪ್ಪುಬಿಳುಪು ಚಿತ್ರ ಹಾಕಿದ. ಯಾರದ್ದು ಅಂತ ಹೇಳಲಿಲ್ಲ. ಫ್ರಾನ್ಸಿನ ಇಯೇರ್ ಊರಿನಲ್ಲಿ 1932ರಲ್ಲಿ ತೆಗೆದದ್ದು. ನೀನು ನೋಡಿರುತ್ತೀಯ. ಮೇಲೆ ನಿಂತು ಕೆಳಗೆ ನೋಡಿದ ನೋಟ. ಕಬ್ಬಿಣದ ಕೈಕಂಬಿ ಇರುವ ಮೆಟ್ಟಿಲು ಸುರುಳಿ ಸುತ್ತಿ ಕೆಳಗಿಳಿಯುತ್ತೆ. ಆ ಸುರುಳಿ ಮುಗಿಯುವಲ್ಲಿ ಬೀದಿ ಬಾಗುತ್ತೆ. ಅಲ್ಲಿ ಒಬ್ಬ ಸೈಕಲ್ ಸವಾರ ಸರ್ರನೆ ಹಾದು ಹೋಗುತ್ತಿದ್ದಾನೆ. ಮೆಟ್ಟಿಲು ಚೂಪಾಗಿದೆ, ಸವಾರ ಕದಡಿಹೋಗಿದ್ದಾನೆ.

ಗುಂಪಿನವರು ತೆಗೆದುಹಾಕಿ ಅಂದರು. ಬ್ಲರ್ ಆಗಿದೆ, ಬೂದು ಬಣ್ಣ, ಚಿಕ್ಕದು, ಕ್ರಾಪ್ (ಅಂಚು ಕತ್ತರಿಸಿದ್ದು) ಸರಿ ಇಲ್ಲ ಅಂತೆಲ್ಲ ಕಾರಣ. ನಿನಗೆ ಹೇಳಿದ ಮಾತುಗಳೇ, ಅಲ್ವಾ? ಅಡಿಕೆ ಒಂದು ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಇದನ್ನು ಓದಿ ನೀನು ‘ನೋಡಿದ್ಯಾ, ಜನ ಮೂರ್ಖರು’ ಅಂತ ತೊಡೆ ತಟ್ಟಬೇಡ. ಆ ಜನ ಹೇಳಿದ್ದರಲ್ಲಿ ಸುಳ್ಳಿಲ್ಲ. ಚಿತ್ರ ಬ್ಲರ್ ಆಗಿರುವುದು ನಿಜ. ತಪ್ಪಿರುವುದು ಅವರಿಗೆ ಕೊಟ್ಟ ಕೆಲಸದಲ್ಲಿ. ಒಂದು ಫೋಟೋ ಎದುರಿಗಿಟ್ಟು ‘ತೆಗೆಯೋಣವಾ, ಇಡೋಣವಾ’ ಅಂತ ಕೇಳಿದರೆ ಯಾರಾದರೂ ಮೊದಲು ಹುಡುಕುವುದು ಐಬನ್ನೇ. ಹುಡುಕಿದರೆ ಐಬು ಸಿಗದ ಫೋಟೋ ಎಲ್ಲಿದೆ? ಐಬಿದ್ದೂ ಚಿತ್ರ ನಿಂತಿದೆಯಾ, ಅಥವಾ ಆ ಐಬಿನಿಂದಲೇ ನಿಂತಿದೆಯಾ ಅನ್ನೋದನ್ನು ಕೇಳುವ ಬಟನ್ ಯಾವ ವೆಬ್‌ಸೈಟಿನಲ್ಲೂ ಇಲ್ಲ.

ಬ್ರೆಸನ್‌ನ ಇನ್ನೊಂದು ಚಿತ್ರ ತಗೋ. ಅದೂ 1932ರದ್ದೇ, ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದ ಹಿಂಭಾಗ. ನೀರು ನಿಂತಿದೆ. ನೀರಿನಲ್ಲಿ ಬಿದ್ದ ಏಣಿಯಿಂದ ಒಬ್ಬ ಹಾರಿದ್ದಾನೆ, ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಒಬ್ಬಳು ನರ್ತಕಿ ಅದೇ ಭಂಗಿಯಲ್ಲಿ ಉಲ್ಟಾ ದಿಕ್ಕಿಗೆ ಜಿಗಿಯುತ್ತಿದ್ದಾಳೆ. ಈಗ ನಮ್ಮ ವೋಟುದಾರರ ಕಣ್ಣಿಂದ ನೋಡು. ಮನುಷ್ಯನ ಮುಖ ಕಾಣುವುದಿಲ್ಲ, ಪೂರಾ ಕಪ್ಪು. ಓಡುವವನ ಮುಂದೆ ಜಾಗ ಬಿಡಬೇಕು ಅನ್ನೋದು ಫೋಟೋ ಕ್ಲಬ್ಬಿನಲ್ಲಿ ಕಲಿಸುವ ಮೊದಲ ಪಾಠ. ಇಲ್ಲಿ ಅವನು ಫ್ರೇಮಿನ ಬಲತುದಿಗೇ ಬಂದುಬಿಟ್ಟಿದ್ದಾನೆ. ಸಾಲದ್ದಕ್ಕೆ ಇದು ಕ್ರಾಪ್ ಮಾಡಿದ ಚಿತ್ರ. ಬ್ರೆಸನ್‌ಗೆ ಕ್ರಾಪ್ ಅಂದರೆ ಆಗುತ್ತಿರಲಿಲ್ಲ. ಆದರೆ ಇದನ್ನು ಬೇಲಿಯ ಹಲಗೆಗಳ ಸಂದಿಯಿಂದ ತೆಗೆದ. ಪಕ್ಕದ ಹಲಗೆ ನೆಗೆಟಿವ್‌ನಲ್ಲಿ ಬಂದುಬಿಟ್ಟಿತ್ತು, ಕತ್ತರಿಸಲೇಬೇಕಾಯಿತು. ಮುಂದೆ ಜಾಗ ಬಿಟ್ಟಿದ್ದರೆ ಏನಾಗುತ್ತಿತ್ತು? ಅವನು ಆರಾಮಾಗಿ ದಾಟುತ್ತಾನೆ ಅನ್ನಿಸುತ್ತಿತ್ತು. ಈಗ ಅವನು ಬೀಳುತ್ತಾನೆ ಅಂತಲೇ ಅನ್ನಿಸುತ್ತೆ.

ಇನ್ನೊಂದು ನಮ್ಮ ದೇಶದ್ದೇ. 1948ರ ಜನವರಿ 30ರ ರಾತ್ರಿ. ದೆಹಲಿಯ ಬಿರ್ಲಾ ಹೌಸ್ ಗೇಟಿನ ಬಳಿ ನೆಹರೂ ನಿಂತು, ಗಾಂಧೀಜಿ ಇನ್ನಿಲ್ಲ ಅಂತ ಜನರಿಗೆ ಹೇಳುತ್ತಿದ್ದಾರೆ. ಬ್ರೆಸನ್ ಅಲ್ಲಿದ್ದ. ಕತ್ತಲೆ, ಒಂದು ದೀಪದ ಬೆಳಕು, ಅಲುಗಿದ ಮುಖಗಳು. ನೆಹರೂ ಅವರ ಮುಖವೂ ಸರಿಯಾಗಿ ಕಾಣುವುದಿಲ್ಲ. ಹೆಸರು, ದಿನಾಂಕ ಎರಡನ್ನೂ ತೆಗೆದು ಮೊಬೈಲ್ ಪರದೆಯ ಮೇಲೆ ಹೆಬ್ಬೆರಳಿನಷ್ಟು ಚಿಕ್ಕದಾಗಿ ಹಾಕಿದರೆ ಯಾರು ಒಂದು ಕ್ಷಣ ನಿಲ್ಲುತ್ತಾರೆ? ನಿಲ್ಲದಿದ್ದರೆ ತಪ್ಪೇನೂ ಅಲ್ಲ. ಈ ಚಿತ್ರಕ್ಕೆ ಅಡಿಬರಹ ಬೇಕೇ ಬೇಕು. ಏನು ನಡೆಯುತ್ತಿದೆ ಅಂತ ಗೊತ್ತಾದ ಮೇಲೆ ಆ ಅಲುಗಾಟ ಕ್ಯಾಮೆರಾದ್ದೋ, ಊರಿನದ್ದೋ ಅಂತ ಹೇಳಲಾಗದಷ್ಟು ಒಂದಾಗಿಬಿಡುತ್ತೆ. ಯುದ್ಧದ ಫೋಟೋ ತೆಗೆಯುತ್ತಿದ್ದ ರಾಬರ್ಟ್ ಕಾಪಾ, ಮಿತ್ರಪಡೆಗಳು ಫ್ರಾನ್ಸಿಗೆ ಬಂದಿಳಿದ 1944ರ ಜೂನ್ 6ರಂದು ಅಲ್ಲಿನ ಒಮಾಹಾ ದಡದಲ್ಲಿ ತೆಗೆದ ಸೈನಿಕನ ಚಿತ್ರದ್ದೂ ಅದೇ ಕಥೆ. ಕಾಪಾಗೆ ಇದರ ತಮಾಷೆ ಗೊತ್ತಿತ್ತು. ‘ಸ್ವಲ್ಪ ಔಟ್ ಆಫ್ ಫೋಕಸ್’ ಅಂತಲೇ ತನ್ನ ನೆನಪುಗಳ ಪುಸ್ತಕಕ್ಕೆ ಹೆಸರಿಟ್ಟ.

ಆನ್‌ಲೈನ್ ಜನ ಮಾತ್ರ ಹೀಗೆ ಅಂದುಕೊಂಡರೆ ಅದೂ ಸುಳ್ಳು. ರಾಬರ್ಟ್ ಫ್ರಾಂಕ್ ಅನ್ನುವ ಛಾಯಾಗ್ರಾಹಕ 1955-56ರಲ್ಲಿ ಹಳೇ ಕಾರು ಹತ್ತಿ ಅಮೆರಿಕ ಸುತ್ತಿ ಸಾವಿರಾರು ಫೋಟೋ ತೆಗೆದು, ಅದರಲ್ಲಿ 83 ಮಾತ್ರ ಆರಿಸಿ ಪುಸ್ತಕ ಮಾಡಿದ. 1959ರಲ್ಲಿ ಅದು ಅಮೆರಿಕದಲ್ಲಿ ಬಂದಾಗ ಅಲ್ಲಿನ ಪಾಪ್ಯುಲರ್ ಫೋಟೋಗ್ರಫಿ ಪತ್ರಿಕೆಯವರು ಹಿಗ್ಗಾಮುಗ್ಗಾ ಬೈದರು. ಅರ್ಥವಿಲ್ಲದ ಬ್ಲರ್, ಗ್ರೇನ್, ಮಂಕು ಎಕ್ಸ್‌ಪೋಷರ್, ಕುಡಿದವರ ಹಾಗೆ ವಾಲಿದ ದಿಗಂತ ಅಂತ. ಬರೆದವರು ಕ್ಯಾಮೆರಾ ಬಲ್ಲವರು, ಪರಿಣತರು. ಫ್ರಾಂಕ್‌ನ ಒಂದೇ ಒಂದು ಚಿತ್ರವನ್ನು ಕಿತ್ತು ಸ್ಪರ್ಧೆಗೆ ಹಾಕುವುದು, ಪಲ್ಲವಿ ಬಿಟ್ಟು ಚರಣದ ಒಂದು ಸಾಲನ್ನು ಮಾತ್ರ ಹಾಡಿ ರಾಗ ಹೇಗಿದೆ ಅಂತ ಕೇಳಿದ ಹಾಗೆ. ಪುಸ್ತಕದಲ್ಲಿರುವ ಆ ಬಾವುಟ, ಕಾಸು ಹಾಕಿದರೆ ಹಾಡುವ ಆ ಜ್ಯೂಕ್‌ಬಾಕ್ಸ್ ಪೆಟ್ಟಿಗೆ, ನ್ಯೂ ಆರ್ಲಿಯನ್ಸ್ ಟ್ರಾಲಿ ಬಂಡಿಯ ಕಿಟಕಿಗಳಲ್ಲಿ ಮುಂದೆ ಬಿಳಿಯರು ಹಿಂದೆ ಕರಿಯರು, ಇವೆಲ್ಲ ಒಂದರ ಹಿಂದೆ ಒಂದು ಬಂದಾಗಲೇ ಮಾತಾಡುತ್ತವೆ. ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗ್ಲ್‌ಸ್ಟನ್‌ನ ಬಣ್ಣದ ಚಿತ್ರಗಳನ್ನು 1976ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತೋರಿಸಿದಾಗ ಪತ್ರಿಕೆಗಳ ವಿಮರ್ಶಕರೂ ಸಪ್ಪೆ ಅಂದರು. ಅದರಲ್ಲಿ ಒಂದು ಮಕ್ಕಳ ಮೂರು ಚಕ್ರದ ಸೈಕಲ್ ಇತ್ತು. ನೆಲಕ್ಕೆ ಕ್ಯಾಮೆರಾ ಇಟ್ಟು ತೆಗೆದದ್ದರಿಂದ ಅದು ಹಿಂದಿನ ಮನೆಗಿಂತ ದೊಡ್ಡದಾಗಿ ಕಾಣುತ್ತೆ. ವೋಟುದಾರ ಕೇಳುವುದು ಖಾತ್ರಿ: ‘ಇದರಲ್ಲಿ ಏನಿದೆ ಸಾರ್?’

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕ ಸರ್ಕಾರಕ್ಕಾಗಿ ಫೋಟೋ ತೆಗೆಯುತ್ತಿದ್ದ ಡೊರೊಥಿಯಾ ಲ್ಯಾಂಗ್ ಅವರ ಚಿತ್ರವೊಂದರ ಹೆಬ್ಬೆರಳಿನ ಕಥೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಬಿಡಿಸುವ ಕೂಲಿಯವರ ಬಿಡಾರದಲ್ಲಿ ತೆಗೆದ ವಲಸೆ ತಾಯಿಯ ಚಿತ್ರ ಇದೆಯಲ್ಲ. ಅಮ್ಮನ ಎರಡೂ ಹೆಗಲಿಗೆ ಮುಖ ಮರೆಸಿಕೊಂಡ ಮಕ್ಕಳು, ಮಡಿಲಲ್ಲಿ ಕೂಸು, ಕೆನ್ನೆಗೆ ಕೈ. ಮೂಲ ಚಿತ್ರದಲ್ಲಿ ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು, ಫೋಕಸ್ಸಿನಲ್ಲಿಲ್ಲದ್ದು. ಅದು ಲ್ಯಾಂಗ್ ಅವರ ಕಣ್ಣಿಗೆ ಚುಚ್ಚುತ್ತಿತ್ತು. 1939ರಲ್ಲಿ ನೆಗೆಟಿವ್‌ನಲ್ಲೇ ಅದನ್ನು ಅಳಿಸಿಸಿದರು. ಸರ್ಕಾರಿ ದಾಖಲೆ ಚಿತ್ರವನ್ನು ತಿದ್ದಿದ್ದಕ್ಕೆ ಅವರ ಮೇಲಿನವರಿಗೆ ಇಷ್ಟವಾಗಲಿಲ್ಲ. ಇವತ್ತಿಗೂ ಗಮನವಿಟ್ಟು ನೋಡಿದರೆ ಅಲ್ಲೊಂದು ಬೆರಳಿನ ಮಸುಕು ನೆರಳು ಕಾಣುತ್ತೆ. ನೋಡು, ‘ಮೂಲೆಯಲ್ಲಿರೋದನ್ನ ತೆಗೀರಿ’ ಅನ್ನುವ ವೋಟುದಾರ ಆಕೆಯ ಒಳಗೂ ಕೂತಿದ್ದ. ಬೆರಳಿದ್ದ ಪ್ರತಿಯನ್ನೂ ಇಲ್ಲದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಏನೂ ವ್ಯತ್ಯಾಸ ಅನ್ನಿಸುವುದಿಲ್ಲ. ಆ ತಾಯಿಯ ಹಣೆಯ ಗೆರೆ ನೋಡುವಾಗ ಮೂಲೆಗೆ ಯಾರು ಹೋಗುತ್ತಾರೆ?

ನಿನ್ನ ಬಕೆಟ್ ವಿಷಯಕ್ಕೆ ಬಂದರೆ, ಬೇಜಾರು ಮಾಡ್ಕೋಬೇಡ, ಅವರು ಹೇಳಿದ್ದು ಸರಿ. ಬಲ್ಬಿನ ಹಳದಿ ಬೆಳಕಿನಲ್ಲಿ ಇಡೀ ಚಿತ್ರ ಕಂದು, ಅದರ ಮಧ್ಯೆ ಆ ಕಡುನೀಲಿ ಒಂದೇ ಕೂಗುತ್ತೆ. ಕಣ್ಣು ಕಮಲಕ್ಕನ ಕೈಗೆ ಹೋಗುವ ಬದಲು ಅಲ್ಲಿಗೆ ಹೋಗುತ್ತೆ. ಕೈ ಬ್ಲರ್ ಅಂದದ್ದನ್ನು ಮಾತ್ರ ತಲೆಗೆ ಹಾಕ್ಕೋಬೇಡ. ಮೆಟ್ಟುಗತ್ತಿಯ ಮೇಲೆ ಆ ಕೈ ಎಷ್ಟು ಬೇಗ ಓಡುತ್ತೆ ಅಂತ ನಿನಗೂ ನನಗೂ ಗೊತ್ತು. ಚೂಪಾಗಿ ಬಂದಿದ್ದರೆ ಫೋಟೋಗೋಸ್ಕರ ಕೈ ನಿಲ್ಲಿಸಿದ್ದಾರೆ ಅನ್ನಿಸುತ್ತಿತ್ತು.

ಹಾಗಂತ ಹೆಸರಾಂತ ಫೋಟೋಗಳೆಲ್ಲ ಸೋಲುತ್ತಿದ್ದವು ಅನ್ನಬೇಡ. ಸ್ಟೀವ್ ಮೆಕರಿ 1984ರಲ್ಲಿ ಪೆಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರು ಕಣ್ಣಿನ ಹುಡುಗಿಯ ಚಿತ್ರ ಎಲ್ಲಿ ಹಾಕಿದರೂ ಗೆಲ್ಲುತ್ತೆ. ಮುಖ ನಡುವೆ, ಕಣ್ಣು ಚೂಪು, ಕೆಂಪಿಗೆ ಹಸಿರು. ಹೆಬ್ಬೆರಳಿನ ಗಾತ್ರದಲ್ಲೂ ಆ ನೋಟ ಹಿಡಿದು ನಿಲ್ಲಿಸುತ್ತೆ. ಆನ್ಸೆಲ್ ಆಡಮ್ಸ್, ಅಮೆರಿಕದ ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು 1941ರಲ್ಲಿ ತೆಗೆದದ್ದೂ ಗೆಲ್ಲುತ್ತೆ. ‘ಆಕಾಶ ಇಷ್ಟು ಕಪ್ಪಾ, ಎಡಿಟಿಂಗ್ ಜಾಸ್ತಿ ಆಯ್ತು’ ಅಂತ ಒಬ್ಬನಾದರೂ ಹೇಳುತ್ತಾನೆ. ಅವನು ಹೇಳಿದ್ದೂ ನಿಜವೇ. ಆಡಮ್ಸ್ ಫೋಟೋ ತೊಳೆಯುವ ಡಾರ್ಕ್‌ರೂಮಿನಲ್ಲಿ ಆ ಆಕಾಶವನ್ನು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಕಪ್ಪು ಮಾಡುತ್ತಾ ಹೋದ.

ಇನ್ನು ಲೆಕ್ಕದ ಆಟ ಒಂದಿದೆ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಸ್ಪರ್ಧೆಯಲ್ಲಿ ಒಂದು ಚಿತ್ರಕ್ಕೆ ಅರ್ಧ ಜನ ಹತ್ತು, ಅರ್ಧ ಜನ ಒಂದು ಕೊಟ್ಟರೆ ಸರಾಸರಿ ಐದೂವರೆ. ಎಲ್ಲರೂ ‘ಪರವಾಗಿಲ್ಲ’ ಅಂತ ಏಳು ಕೊಟ್ಟ ಚಿತ್ರ ಅದನ್ನು ಹಿಂದೆ ಹಾಕುತ್ತೆ. ಯಾರ ನಿದ್ದೆಯನ್ನೂ ಕೆಡಿಸದ ಚಿತ್ರವೇ ಮೇಲೆ ಬರುವಂಥ ಲೆಕ್ಕ ಇದು. ಲೈಕ್ ಎಣಿಸುವ ಸ್ಪರ್ಧೆಯಂತೂ ಬೇರೆಯೇ. ಅಲ್ಲಿ ಗೆಲ್ಲುವುದು ಫೋಟೋ ಅಲ್ಲ, ವಾಟ್ಸಾಪ್ ಗ್ರೂಪುಗಳು.

ನಮ್ಮಲ್ಲಿ ಈ ಐಬು ಹುಡುಕುವ ಶಿಸ್ತು ಇಂಟರ್ನೆಟ್ ಬರುವ ಮುಂಚೆಯೇ ಇತ್ತು. ಡಾ. ಜಿ. ಥಾಮಸ್ ಅವರು ಬೆಂಗಳೂರಿನಿಂದ 1953ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಕಟ್ಟಿದರು. ತೀರ್ಪುಗಾರರು ಫೋಟೋ ಆರಿಸಿ ಪ್ರದರ್ಶನಕ್ಕಿಡುವ ಸಲಾನ್ ಸ್ಪರ್ಧೆಗಳ ದೊಡ್ಡ ಪರಂಪರೆಯೇ ಬೆಳೆಯಿತು. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥವರು ಆ ಗರಡಿಯಲ್ಲಿ ಪಳಗಿದವರು. ಫಿಲಂ ಕಾಲದಲ್ಲಿ, ಒಂದು ಹಕ್ಕಿಗಾಗಿ ದಿನಗಟ್ಟಲೆ ಮರೆಯಲ್ಲಿ ಕೂತು ತೆಗೆದವರು. ರೂಲ್ ಆಫ್ ಥರ್ಡ್ಸ್ (ಫ್ರೇಮನ್ನು ಮೂರು ಭಾಗ ಮಾಡಿ ಆ ಗೆರೆಗಳ ಮೇಲೆ ವಸ್ತು ಕೂರಿಸುವುದು), ಶುದ್ಧ ಹಿನ್ನೆಲೆ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ, ಇವೆಲ್ಲ ಅಲ್ಲಿ ಬಳಕೆಯಲ್ಲಿರುವ ಮಾತುಗಳು. ಕಲಿಯುವವರಿಗೆ ಇವು ಬೇಕು, ನಾನು ಹಗುರವಾಗಿ ಹೇಳುತ್ತಿಲ್ಲ. ಮಿಂಚುಳ್ಳಿ ತೆಗೆದ ನಿನ್ನ ಎದುರಾಳಿಗೆ ಇವೆಲ್ಲ ಚೆನ್ನಾಗಿ ಗೊತ್ತಿವೆ, ಅಷ್ಟೇ.

ಜನರ ಆಯ್ಕೆ ಚೆನ್ನಾಗಿ ಬಂದದ್ದೂ ಇದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ 2020ರಲ್ಲಿ ಜನರ ವೋಟಿನಿಂದ ಗೆದ್ದದ್ದು ಹುಲಿಯೂ ಅಲ್ಲ, ಹಕ್ಕಿಯೂ ಅಲ್ಲ. ನೆಲದಡಿಯ ರೈಲು ನಿಲ್ದಾಣದಲ್ಲಿ ಒಂದು ತಿಂಡಿ ಚೂರಿಗಾಗಿ ಎದ್ದು ನಿಂತು ಗುದ್ದಾಡುತ್ತಿದ್ದ ಎರಡು ಪುಟ್ಟ ಇಲಿಗಳು! ಸ್ಯಾಮ್ ರೋಲಿ ಅನ್ನುವಾತ ಪ್ಲಾಟ್‌ಫಾರ್ಮಿನ ಮೇಲೆ ಮಲಗಿ ತೆಗೆದದ್ದು. ಆದರೆ ಅಲ್ಲಿ ಮೊದಲು ಮ್ಯೂಸಿಯಂನವರು ಸಾವಿರಾರು ಚಿತ್ರಗಳಿಂದ ಕೆಲವನ್ನೇ ಸೋಸಿ ಮುಂದಿಟ್ಟಿದ್ದರು. ನಿಧಾನವಾಗಿ ನೋಡಲು ಬಿಟ್ಟರೆ, ಜೊತೆಗೆ ನಾಲ್ಕು ಸಾಲಿನ ಕಥೆ ಕೊಟ್ಟರೆ, ಅದೇ ಜನ ಸರಿಯಾದದ್ದನ್ನೇ ಆರಿಸುತ್ತಾರೆ. ಮುಂದಿನ ಸಲ ಹಾಕುವುದಾದರೆ ಇಂಥ ಕಡೆ ಹಾಕು.

ಇಷ್ಟೆಲ್ಲ ದೊಡ್ಡವರ ಪರ ವಕಾಲತ್ತು ಮಾಡಿದೆ. ಒಂದು ಚಿತ್ರಕ್ಕೆ ಮಾತ್ರ ನಾನೂ ವೋಟುದಾರರ ಪಕ್ಷ. ಜರ್ಮನಿಯ ಛಾಯಾಗ್ರಾಹಕ ಆಂಡ್ರಿಯಾಸ್ ಗುರ್ಸ್‌ಕಿಯ ರೈನ್ ನದಿಯ ಚಿತ್ರ, 1999ರದ್ದು. ಹಸಿರು ಪಟ್ಟೆ, ಬೂದು ನೀರಿನ ಪಟ್ಟೆ, ಮತ್ತೆ ಹಸಿರು, ಮೇಲೆ ಮೋಡ. ಆಚೆ ದಡದ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾನೆ. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಹೋಯಿತು. ಸುಮಾರು 12 ಅಡಿ ಅಗಲದ ಪ್ರಿಂಟ್ ಎದುರು ನಿಂತರೆ ಬೇರೆಯೇ ಅನುಭವ ಅನ್ನುತ್ತಾರೆ, ಇರಬಹುದು. ಮೊಬೈಲಿನಲ್ಲಿ ಬಂದರೆ ನಾನು ಮೂರು ಅಂಕ ಕೊಟ್ಟು ಮುಂದೆ ಹೋಗುತ್ತೇನೆ. ನೀನು ಎಷ್ಟು ಕೊಡುತ್ತೀಯ ಬರಿ.

ಇಂತಿ ನಿನ್ನ,
ಸುರೇಶ